ನೀರುಗಂಟಿಯ ಕೆಲಸ

ನಮ್ಮ ತಾತ ಕೋಲಾರ ಸೀಮೆಯ ಒಂದು ಕೆರೆಗೆ ನೀರುಗಂಟಿ, ಅಂದರೆ ಕೆರೆಯ ನೀರು ಕಾದು ಗದ್ದೆಗಳಿಗೆ ಹಂಚುವವರಾಗಿದ್ದರು. ಅವರಿಗಿಂತ ಮುಂಚೆ ಅವರಪ್ಪ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ನಾಡಿದು. ಬಿದ್ದ ಮಳೆಯನ್ನು ಹಿಡಿದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹಿಡಿದಿಡುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಸುಮಾರು 38 ಸಾವಿರ ಕೆರೆಗಳಿದ್ದವು. ಆದರೂ 1876-78ರ ಧಾತು-ಈಶ್ವರ ಸಂವತ್ಸರಗಳ ಬರ ಸಂಸ್ಥಾನದಲ್ಲಿ ಐವರಲ್ಲಿ ಒಬ್ಬರನ್ನು ಬಲಿ ತೆಗೆದುಕೊಂಡಿತು. ಮೋಡವೇ ಕೈಕೊಟ್ಟ ಮೇಲೆ ಏರಿ ಕಟ್ಟಿ ಏನು ಪ್ರಯೋಜನ?

ಆದರೆ ಅರ್ಧ ಮಳೆಯ ವರ್ಷಗಳಿಗೆ ಊರಿನ ಹತ್ತಿರ ಒಂದು ಉಪಾಯವಿತ್ತು, ದಾಮಾಷಾ. ಕೆರೆ ತುಂಬದಿದ್ದರೆ ಊರವರು ಏರಿಯ ಮೇಲೆ ಸೇರಿ, ಈ ಸಲ ಇಷ್ಟೇ ಗದ್ದೆಗೆ ನೀರು ಎಂದು ತೀರ್ಮಾನಿಸುತ್ತಿದ್ದರು. ತೂಬಿನ ಹತ್ತಿರದ ಗದ್ದೆಗಳನ್ನು ಆ ಒಂದು ಬೆಳೆಗೆ ಮಾತ್ರ ಅಚ್ಚುಕಟ್ಟಿನ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕಂತೆ ಹಂಚುವುದು. ಜಮೀನೇ ಇಲ್ಲದವರಿಗೆ ಅದರಲ್ಲಿ ಪಾಲಿರಲಿಲ್ಲ, ಅದನ್ನು ಮರೆಯಬಾರದು.

ತೀರ್ಮಾನ ಊರಿನದು, ನಡೆಸುವುದು ನೀರುಗಂಟಿ. ತಾತ ಕೆರೆಯೊಳಗೆ ಮುಳುಗಿ ತೂಬಿನ ಕಂಡಿಗೆ ಹುಲ್ಲು, ಜೇಡಿಮಣ್ಣು ಒತ್ತಿ ನೀರಿನ ಓಟ ತಗ್ಗಿಸುತ್ತಿದ್ದರು. ರಾತ್ರಿ ಹೆಗಲ ಮೇಲೆ ಸನಿಕೆ ಹೊತ್ತು ಕಾಲುವೆಯುದ್ದಕ್ಕೂ ನಡೆದು ಒಂದು ಮಡೆ ಮುರಿದು ಇನ್ನೊಂದನ್ನು ಕಟ್ಟುತ್ತಿದ್ದರು. "ನಿಮ್ ಸರದಿ ನಾಳೆ ಬೆಳಗ್ಗೆ, ಗೌಡ್ರೇ" ಎಂದು ಅವರು ದೊಡ್ಡ ಹಿಡುವಳಿದಾರರಿಗೂ ಹೇಳುತ್ತಿದ್ದರಂತೆ. ಹಗಲಲ್ಲಿ ಅದೇ ಗೌಡರ ಜಗಲಿ ಹತ್ತುವಂತಿರಲಿಲ್ಲ. ತಾತನ ಇನಾಮು ಜಮೀನು ಇದ್ದದ್ದು ಅಚ್ಚುಕಟ್ಟಿನ ಕಟ್ಟಕಡೆಯಲ್ಲಿ. ಎಲ್ಲರ ಗದ್ದೆ ನೆನೆದ ಮೇಲೆಯೇ ಅವರ ಗದ್ದೆಗೆ ನೀರು. ಹಾಗಾಗಿ ಕೊನೆಯವನಿಗೆ ನೀರು ಮುಟ್ಟಿಸುವುದು ಅವರ ಹೊಟ್ಟೆಪಾಡೂ ಆಗಿತ್ತು. ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು ಸಿಗುತ್ತಿತ್ತು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ತೋಟಿ, ತಳವಾರಿಕೆಯ ಜೊತೆ ನೀರುಗಂಟಿಕೆಯೂ ಹೋಯಿತು. ಹೋದದ್ದೇ ಸರಿ. ಹುಟ್ಟಿನಿಂದ ಹೆಗಲಿಗೇರುವ ಚಾಕರಿ ನನಗೂ ಬೇಡ, ನನ್ನ ಮಕ್ಕಳಿಗೂ ಬೇಡ. ತಪ್ಪಾದದ್ದು ಆಮೇಲೆ: ಹುದ್ದೆಯನ್ನು ತೆಗೆದವರು ಆ ಕೆಲಸವನ್ನು ಇನ್ನಾರಿಗೂ ವಹಿಸಲಿಲ್ಲ. ನಲವತ್ತು ಹೆಕ್ಟೇರಿಗಿಂತ ದೊಡ್ಡ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕವು ಪಂಚಾಯಿತಿಗೆ ಎಂದು ವಿಂಗಡಣೆಯಾಯಿತು. ರಾತ್ರಿ ತೂಬಿನ ಹತ್ತಿರ ಯಾರಿರಬೇಕು ಎಂಬುದು ಯಾವ ಕಡತಕ್ಕೂ ಸೇರಲಿಲ್ಲ. ಅಷ್ಟರಲ್ಲಿ ಬೋರ್‌ವೆಲ್ ಬಂತು. ಸಾವಿರ ಅಡಿ ಕೊರೆಸಬಲ್ಲವನಿಗೆ ಸರದಿಯ ಹಂಗಿಲ್ಲ.

2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲಸಂವರ್ಧನೆ ಯೋಜನೆ ಬಂತು, ಹೂಳು ತೆಗೆಸಿತು, ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದರ ಶುದ್ಧತೆಯ ಜಗಳ ನ್ಯಾಯಾಲಯದ ಮೆಟ್ಟಿಲೇರಿತು, ಏರಬೇಕಾದದ್ದೇ. ಇವೆಲ್ಲ ಕೆರೆಗೆ ನೀರು ತುಂಬಿಸುವ ಲೆಕ್ಕ. ಕಡಿಮೆ ನೀರನ್ನು ಹಂಚುವ ಲೆಕ್ಕ ಎಲ್ಲಿ?

ಈಗ ಮಳೆ ತಿಂಗಳುಗಟ್ಟಲೆ ಮುಖ ತೋರಿಸದೆ, ಬಂದರೆ ಒಂದೇ ವಾರದಲ್ಲಿ ಸುರಿದುಹೋಗುತ್ತದೆ. 2021ರ ನವೆಂಬರಿನಲ್ಲಿ ಕೋಲಾರದ ಕೆರೆಗಳು ಕೋಡಿ ಬಿದ್ದಾಗ ಜನ ಸಂಭ್ರಮದಿಂದ ನೋಡಲು ಹೋದರು. ಅಂಥ ರಾತ್ರಿ ಏರಿ ಎಲ್ಲಿ ಜಿನುಗುತ್ತಿದೆ, ಕೋಡಿಗೆ ಏನು ಅಡ್ಡ ಸಿಕ್ಕಿದೆ ಎಂದು ನೋಡುವುದೂ ನೀರುಗಂಟಿಯ ಕೆಲಸವೇ ಆಗಿತ್ತು. ಪ್ರತಿ ಕೆರೆಗೂ ಒಬ್ಬ ನೀರುಗಂಟಿಯನ್ನು ಪಂಚಾಯಿತಿ ನೇಮಿಸಲಿ: ಯಾವ ಜಾತಿಯವರಾದರೂ ಸರಿ, ಗಂಡಸಾದರೂ ಹೆಂಗಸಾದರೂ ಸರಿ, ತಿಂಗಳ ಸಂಬಳದ ಮೇಲೆ. ಯಾರ ಮಾತಿಗೂ ಮಣಿಯದೆ ಸರದಿ ನಡೆಸುವ ಅಧಿಕಾರವೂ ಅವರಿಗೆ ಬರಹದಲ್ಲೇ ಇರಲಿ.