ಬೈಸಿಕಲ್ಲಿನ ಜೀರ್ಣೋದ್ಧಾರ

ದೇವಾಲಯವೊಂದು ಶಿಥಿಲವಾದರೆ ಅದರ ಗರ್ಭಗೃಹವನ್ನು ಇದ್ದಲ್ಲಿಯೇ ಉಳಿಸಿಕೊಂಡು, ಬಿರಿದ ಕಂಬವನ್ನು ತೆಗೆದು ಹೊಸದನ್ನು ನಿಲ್ಲಿಸಿ, ಸೋರುವ ಮಾಳಿಗೆಗೆ ಗಾರೆ ಮಾಡಿಸಿ, ಪೂಜೆಯು ನಿಲ್ಲದಂತೆ ನೋಡಿಕೊಳ್ಳುವುದಕ್ಕೆ ಜೀರ್ಣೋದ್ಧಾರವೆಂದು ಹೆಸರು. ಈ ಮಾತನ್ನು ಪಂದ್ಯದ ಬೈಸಿಕಲ್ಲಿಗೆ ಹಚ್ಚುವುದು ಕೆಲವರಿಗೆ ಅತಿಯೆನಿಸಬಹುದು. ಆದರೆ ಯೂರೋಪು ಅಮೆರಿಕಗಳಲ್ಲಿ 1970ರ, 1980ರ ದಶಕಗಳ ಉಕ್ಕಿನ ಚೌಕಟ್ಟನ್ನು ಉಗ್ರಾಣದ ಮೂಲೆಯಿಂದ ಎತ್ತಿ ತಂದು, ಅದಕ್ಕೆ ಈ ಕಾಲದ ಹಲ್ಲುಚಕ್ರಗಳನ್ನೂ ಬ್ರೇಕುಗಳನ್ನೂ ತೊಡಿಸಿ, ಕೆಂಪು ನೀಲಿ ಹಸಿರು ಬಣ್ಣದ ಗಾಲಿಗಳನ್ನಿಟ್ಟು ಮತ್ತೆ ದಾರಿಗೆ ಇಳಿಸುವ ಜನರು ಮಾಡುತ್ತಿರುವುದು ಇದನ್ನೇ. ಇದನ್ನು ಕಂಡು ಹಳೆಯದರ ಅಭಿಮಾನಿಗಳು ಕನಲುವುದುಂಟು. ಶಿಲ್ಪಕ್ಕೆ ಸುಣ್ಣ ಬಳಿದಂತಾಯಿತು ಎಂಬುದು ಅವರ ಆಕ್ಷೇಪಣೆ. ಅದರಲ್ಲಿ ಎಷ್ಟು ಸಾರವುಂಟೆಂದು ತಿಳಿಯಬೇಕಾದರೆ ಈ ವಾಹನವು ಬೆಳೆದುಬಂದ ಬಗೆಯನ್ನು ನೋಡಬೇಕು.

ಎರಡು ಸಮಗಾತ್ರದ ಗಾಲಿಗಳೂ ಹಿಂದಿನ ಗಾಲಿಗೆ ಸರಪಣಿಯೂ ಉಳ್ಳ ಬೈಸಿಕಲ್ಲನ್ನು ಇಂಗ್ಲೆಂಡಿನ ಕೊವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲಿಯು 1885ರಲ್ಲಿ ‘ರೋವರ್’ ಎಂಬ ಹೆಸರಿನಿಂದ ಹೊರತಂದನು. 1888ರಲ್ಲಿ ಡನ್‌ಲಪ್ಪನು ಅದಕ್ಕೆ ಗಾಳಿಯ ಟೈರನ್ನು ಒದಗಿಸಿದನು. 1897ರಲ್ಲಿ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸನು, ಬೆಸುಗೆ ಬೀಳುವ ತುದಿಗಳಲ್ಲಿ ಮಾತ್ರ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುವ ಕೊಳವೆಗೆ ಹಕ್ಕುಪತ್ರವನ್ನು ಪಡೆದನು. ಅದೇ ಮನೆತನದ ಕಾರ್ಖಾನೆಯಿಂದ 1935ರಲ್ಲಿ ಹೊರಬಂದ ‘531’ ಎಂಬ ಮಿಶ್ರಲೋಹದ ಕೊಳವೆಗಳು ಅರ್ಧ ಶತಮಾನದ ಕಾಲ ಒಳ್ಳೆಯ ಚೌಕಟ್ಟಿಗೆ ಮತ್ತೊಂದು ಹೆಸರೇ ಆಗಿದ್ದುವು. ಅಂದಮೇಲೆ ಚೌಕಟ್ಟೆಂಬುದು ಬಹುಬೇಗ ಪಕ್ವವಾಯಿತು. ಸರಪಣಿ ಸವೆಯುತ್ತದೆ, ಹಲ್ಲು ಮೊಂಡಾಗುತ್ತದೆ, ರಬ್ಬರು ಬಿರಿಯುತ್ತದೆ. ತುಕ್ಕಿನಿಂದ ಕಾಪಾಡಿಕೊಂಡ ಚೌಕಟ್ಟಾದರೋ ಇವೆಲ್ಲಕ್ಕೂ ಸಾಕ್ಷಿಯಾಗಿ ಉಳಿಯುತ್ತದೆ.

ಇನ್ನು ಹೊಸ ಭಾಗಗಳ ಮಾತು. ಹಳೆಯ ಬೈಸಿಕಲ್ಲಿಗೆ ಹೊಸದನ್ನು ಸೇರಿಸಬಾರದೆಂಬ ವಾದವು ಬೈಸಿಕಲ್ಲಿನಷ್ಟೇ ಹಳೆಯದು. ಫ್ರಾನ್ಸಿನ ಸೇಂತ್ ಎತಿಯೆನ್ ಪಟ್ಟಣದ ಪಾಲ್ ದ ವಿವಿಯು 1887ರಲ್ಲಿ ಸವಾರರಿಗಾಗಿ ಪತ್ರಿಕೆಯೊಂದನ್ನು ಆರಂಭಿಸಿ, ‘ವೆಲೋಸಿಯೊ’ ಎಂಬ ಕಾವ್ಯನಾಮದಿಂದ ಬರೆಯುತ್ತ, ಬೆಟ್ಟವನ್ನೇರುವುದಕ್ಕೆ ಒಂದಕ್ಕಿಂತ ಹೆಚ್ಚು ಗಿಯರುಗಳು ಬೇಕೆಂದು ಜೀವಮಾನವಿಡೀ ವಾದಿಸಿದನು. ಟೂರ್ ದ ಫ್ರಾನ್ಸ್ ಪಂದ್ಯವನ್ನು 1903ರಲ್ಲಿ ಸ್ಥಾಪಿಸಿದ ಪತ್ರಿಕಾ ಸಂಪಾದಕ ಆನ್ರಿ ದೆಗ್ರಾಂಜನು ಅದಕ್ಕೆ ವಿರೋಧಿ. ಗಿಯರು ಬದಲಿಸುವ ಸಾಧನವು ವಯಸ್ಸಾದವರಿಗೆ ತಕ್ಕುದೇ ಹೊರತು ವೀರರಿಗಲ್ಲವೆಂದು ಆತನ ನಿಲುವು. ಅದರ ಫಲವಾಗಿ ವೃತ್ತಿಪರ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ತಿರುಗಿಸಿ, ಮತ್ತೊಂದು ಪಕ್ಕದ ಹಲ್ಲುಚಕ್ರಕ್ಕೆ ಸರಪಣಿಯನ್ನು ಏರಿಸಿಕೊಂಡು ಹೋಗಬೇಕಾಗಿತ್ತು. ದೆಗ್ರಾಂಜನು 1936ರಲ್ಲಿ ಅಧಿಕಾರದಿಂದ ಹಿಂದೆ ಸರಿದನು. ಮರುವರ್ಷವೇ ಸರಪಣಿಯನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೈಲರ್ ಯಂತ್ರಕ್ಕೆ ಪಂದ್ಯದಲ್ಲಿ ಅನುಮತಿ ದೊರಕಿತು. ಆ ವರ್ಷ ಗೆದ್ದ ರೋಜೆ ಲಾಪೆಬಿಯ ಬೈಸಿಕಲ್ಲಿನಲ್ಲಿ ಅದು ಇದ್ದಿತು. ವೆಲೋಸಿಯೊ ಅದನ್ನು ನೋಡಲಿಲ್ಲ; 1930ರಲ್ಲಿಯೇ ಟ್ರಾಮಿಗೆ ಸಿಕ್ಕಿ ತೀರಿಕೊಂಡಿದ್ದನು. ಇಂದು ಯಾವುದನ್ನು ಹಳೆಯ ಬೈಸಿಕಲ್ಲಿನ ಸಹಜಾಂಗವೆಂದು ಅಭಿಮಾನಿಗಳು ಕಾಪಾಡುವರೋ ಅದೇ ಡಿರೈಲರು ಒಂದು ಕಾಲಕ್ಕೆ ಇಂಥ ಅಭಿಮಾನಿಗಳಿಂದಲೇ ಬೈಗಳನ್ನು ತಿಂದಿತ್ತು!

ಗಾಲಿಯ ಬಣ್ಣಕ್ಕೂ ಒಂದು ಕಥೆಯುಂಟು. ಮುಂಚೆ ಪಂದ್ಯದ ಗಾಲಿಗಳಿಗೆ ಮರದ ಬಳೆಗಳಿರುತ್ತಿದ್ದುವು. 1934ರ ಟೂರ್ ಪಂದ್ಯದಲ್ಲಿ ಆಂತೊನಾಂ ಮಾಞನು ಮಾವಿಕ್ ಸಂಸ್ಥೆಯವರು ಗುಟ್ಟಾಗಿ ಮಾಡಿಕೊಟ್ಟ ಅಲ್ಯುಮಿನಿಯಂ ಮಿಶ್ರಲೋಹದ ಬಳೆಗಳನ್ನು ಬಳಸಿದನೆಂದೂ, ಯಾರಿಗೂ ತಿಳಿಯದಿರಲೆಂದು ಅವಕ್ಕೆ ಮರದ ಬಣ್ಣವನ್ನು ಬಳಿದಿದ್ದರೆಂದೂ ಆ ಸಂಸ್ಥೆಯವರೇ ಹೇಳಿಕೊಳ್ಳುತ್ತಾರೆ. ಮಾಞನು ಆ ವರ್ಷ ಗೆದ್ದನೆಂಬುದಂತೂ ದಾಖಲೆಯ ಮಾತು. ಹೊಸತನ್ನು ಮರೆಸುವುದಕ್ಕಾಗಿ ಅಂದು ಗಾಲಿಗೆ ಬಣ್ಣ ಬಂದರೆ, ಇಂದು ಅದನ್ನು ಮೆರೆಸುವುದಕ್ಕಾಗಿ ಬರುತ್ತಿದೆ. 2000ದ ದಶಕದಲ್ಲಿ ಒಂದೇ ಗಿಯರಿನ ಬೈಸಿಕಲ್ಲುಗಳ ಮೋಹವು ದೊಡ್ಡ ನಗರಗಳಲ್ಲಿ ಹಬ್ಬಿದಾಗ, ಆಸ್ಟ್ರೇಲಿಯದ ವೆಲಾಸಿಟಿ ಕಾರ್ಖಾನೆಯವರ ‘ಡೀಪ್ ವಿ’ ಎಂಬ ಆಳವಾದ ಬಳೆಗಳು ಹತ್ತಾರು ಬಣ್ಣಗಳಲ್ಲಿ ಬಂದು ಯುವಕರ ಮನಸ್ಸನ್ನು ಸೆಳೆದುವು. ಬಣ್ಣವು ಹತ್ತುವ ಕ್ರಮಗಳಲ್ಲಿ ಒಂದು ಬಹು ಚೆಲುವಾದುದು. ಅಲ್ಯುಮಿನಿಯಮ್ಮನ್ನು ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ತನ್ನು ಹರಿಸಿದರೆ ಅದರ ಮೈಮೇಲೆ ಸೂಕ್ಷ್ಮ ರಂಧ್ರಗಳುಳ್ಳ ಗಟ್ಟಿ ಪೊರೆಯೊಂದು ಏಳುತ್ತದೆ. ಬಟ್ಟೆಯು ಬಣ್ಣವನ್ನು ಹೀರುವಂತೆ ಆ ರಂಧ್ರಗಳು ಬಣ್ಣವನ್ನು ಹೀರುತ್ತವೆ. ಬಿಸಿನೀರಿನಲ್ಲಿಟ್ಟರೆ ಬಾಯಿ ಮುಚ್ಚಿಕೊಳ್ಳುತ್ತವೆ. ಬ್ರೇಕಿನ ರಬ್ಬರು ಉಜ್ಜುವ ಅಂಚಿನಲ್ಲಿ ಮಾತ್ರ ಈ ಬಣ್ಣವು ಹೆಚ್ಚು ದಿನ ನಿಲ್ಲದು.

ಬಣ್ಣವು ಹೇಗಾದರೂ ಇರಲಿ, ಗಾಲಿಯು ಚೌಕಟ್ಟಿನಲ್ಲಿ ಕೂರಬೇಕಷ್ಟೆ. ಜೀರ್ಣೋದ್ಧಾರದ ನಿಜವಾದ ಕಷ್ಟವಿರುವುದು ಇಲ್ಲಿ. ಹಿಂಗವಲಿನ ಎರಡು ತುದಿಗಳ ನಡುವಣ ಅಂತರವು ಐದು ಹಲ್ಲುಚಕ್ರಗಳಿದ್ದ ಕಾಲದಲ್ಲಿ 120 ಮಿಲಿಮೀಟರು, ಆರು ಏಳು ಚಕ್ರಗಳ ಕಾಲದಲ್ಲಿ 126, ಎಂಟರಿಂದ ಹನ್ನೊಂದರವರೆಗೆ 130. ಹಳೆಯ ಕವಲು ಹೊಸ ಗಾಲಿಯನ್ನು ಒಳಗೊಳ್ಳಬೇಕಾದರೆ ಅದನ್ನು ಹಿಗ್ಗಿಸಬೇಕು. ಉಕ್ಕಾದುದರಿಂದ ಇದು ಸಾಧ್ಯ. ಕಾಯಿಸದೆ, ಉದ್ದನೆಯ ಮರದ ತುಂಡನ್ನು ಸನ್ನೆಯಾಗಿಟ್ಟು ಒಂದೊಂದು ಪಕ್ಕವನ್ನೂ ಬೇರೆಬೇರೆಯಾಗಿ ಮೆಲ್ಲಗೆ ಬಾಗಿಸುವ ಕ್ರಮವನ್ನು ಅಮೆರಿಕದ ಶೆಲ್ಡನ್ ಬ್ರೌನ್ (1944-2008) ಎಂಬ ಕುಶಲಿಯು ಸಾಮಾನ್ಯರಿಗೂ ತಿಳಿಯುವಂತೆ ಬರೆದಿಟ್ಟನು. ಬಾಗಿದುದು ಸಮವಾಗಿದೆಯೋ ಇಲ್ಲವೋ ಎಂದು ನೋಡುವ ಉಪಾಯವು ಇನ್ನೂ ಸರಳ. ಒಂದು ದಾರವನ್ನು ಕವಲಿನ ಒಂದು ತುದಿಯಿಂದ ಮುಂದಿನ ಕೊಳವೆಯನ್ನು ಬಳಸಿ ಇನ್ನೊಂದು ತುದಿಗೆ ಬಿಗಿದು ಕಟ್ಟುವುದು. ಪೀಠದ ಕೊಳವೆಗೂ ದಾರಕ್ಕೂ ಇರುವ ದೂರವು ಎರಡು ಪಕ್ಕದಲ್ಲಿಯೂ ಒಂದೇ ಆಗಿದ್ದರೆ ಚೌಕಟ್ಟು ನೇರವಾಗಿದೆಯೆಂದು ಅರ್ಥ. ದಾರ, ಅಳತೆಪಟ್ಟಿ, ತಾಳ್ಮೆ ಇವಿಷ್ಟೇ ಸಾಮಗ್ರಿ. ಅಲ್ಯುಮಿನಿಯಂ ಚೌಕಟ್ಟನ್ನು ಹೀಗೆ ಬಾಗಿಸಲು ಹೋದರೆ ಬಿರಿಯುವ ಭಯವುಂಟು. ಇಂಗಾಲದ ನಾರಿನದನ್ನಂತೂ ಮುಟ್ಟಲೇ ಕೂಡದು.

ಗಾಲಿಯ ಗಾತ್ರದಲ್ಲಿಯೂ ತೊಡಕುಂಟು. 27 ಅಂಗುಲವೆಂದು ಕರೆಯುತ್ತಿದ್ದ ಹಳೆಯ ಗಾಲಿಯ ಬಳೆಯಲ್ಲಿ ಟೈರು ಕೂರುವ ಸ್ಥಳದ ವ್ಯಾಸ 630 ಮಿಲಿಮೀಟರು, ಈಗಿನದು 622. ಬ್ರೇಕಿನ ರಬ್ಬರನ್ನು 4 ಮಿಲಿಮೀಟರು ಕೆಳಗಿಳಿಸಿದರೆ ಕೆಲಸವಾಯಿತು. ತುಳಿಮೆಟ್ಟಿನ ಅಚ್ಚು ಕೂರುವ ಗೂಡಿನ ತಿರುಪಾದರೋ ದೇಶಕ್ಕೊಂದು ಬಗೆ. ಇಂಗ್ಲಿಷರದು 1.37 ಅಂಗುಲ, ಇಟಲಿಯದು 36 ಮಿಲಿಮೀಟರು, ಫ್ರೆಂಚರದು 35. ಬಲಪಕ್ಕದ ಬಟ್ಟಲು ತುಳಿತಕ್ಕೆ ಸಡಿಲವಾಗಬಾರದೆಂದು ಇಂಗ್ಲಿಷರು ಅದಕ್ಕೆ ಎಡತಿರುಪನ್ನು ಕೊಟ್ಟರು. ಇಟಲಿಯವರು ಎರಡು ಕಡೆಯೂ ಬಲತಿರುಪನ್ನೇ ಇಟ್ಟು, ಆಗಾಗ್ಗೆ ಬಿಗಿಯುವ ಶ್ರಮವನ್ನು ಸವಾರನಿಗೆ ಬಿಟ್ಟರು. ಫ್ರೆಂಚ್ ಅಳತೆಯು ಕ್ರಮೇಣ ಕಾಲವಾಯಿತು. ಆದಕಾರಣ ಹಳೆಯ ಫ್ರೆಂಚ್ ಚೌಕಟ್ಟನ್ನು ಅಗ್ಗವಾಗಿ ಕೊಂಡವನು ಅದಕ್ಕೆ ತಕ್ಕ ಬಟ್ಟಲನ್ನು ಹುಡುಕುವುದರಲ್ಲಿ ಉಳಿಸಿದ ಹಣವನ್ನೆಲ್ಲ ಕಳೆಯುವುದುಂಟು.

1984ರಲ್ಲಿ ಜಪಾನಿನ ಶಿಮಾನೊ ಕಾರ್ಖಾನೆಯವರು ಸನ್ನೆಯನ್ನು ಒಂದು ಸಲ ‘ಟಕ್’ ಎನ್ನಿಸಿದರೆ ಒಂದೇ ಹಲ್ಲುಚಕ್ರವನ್ನು ದಾಟುವ ಏರ್ಪಾಡನ್ನು ತಂದರು. 1990ರ ಸುಮಾರಿಗೆ ಅದೇ ಸನ್ನೆಯನ್ನು ಬ್ರೇಕಿನ ಹಿಡಿಯೊಳಗೆ ಸೇರಿಸಿದರು. ಇದು ಸವಾರನಿಗೆ ಸುಖ. ಆದರೆ ಸನ್ನೆ, ಡಿರೈಲರು, ಚಕ್ರಗಳ ನಡುವಣ ಅಂತರ ಮೂರೂ ಒಂದಕ್ಕೊಂದು ಒಪ್ಪಬೇಕಾಯಿತು. ಅದಕ್ಕೆ ಮುಂಚಿನ, ಚೌಕಟ್ಟಿನ ಕೆಳಗೊಳವೆಯ ಮೇಲಿನ ಘರ್ಷಣೆಯ ಸನ್ನೆಗೆ ಇಂಥ ಮಡಿಯಿರಲಿಲ್ಲ. ಅದು ಯಾರ ಚಕ್ರವಾದರೂ ಯಾರ ಸರಪಣಿಯಾದರೂ ಕೈಯಳತೆಯಿಂದ ಸಾಗಿಸಿಬಿಡುತ್ತಿತ್ತು, ಈಗಲೂ ಸಾಗಿಸುತ್ತದೆ.

ಹಳೆಯದನ್ನು ಹಾಗೆಯೇ ಉಳಿಸುವವರ ಪಕ್ಷಕ್ಕೂ ಗೌರವ ಸಲ್ಲಬೇಕು. ಇಟಲಿಯ ಟಸ್ಕನಿ ಪ್ರಾಂತದ ಗಾಯೊಲೆ ಎಂಬ ಊರಿನಲ್ಲಿ 1997ರಲ್ಲಿ ಆರಂಭವಾದ ‘ಎರೋಯಿಕ’ ಸವಾರಿಯಲ್ಲಿ, 1987ಕ್ಕೆ ಮುಂಚಿನ ಮಾದರಿಯ ಪಂದ್ಯದ ಬೈಸಿಕಲ್ಲು, ಕೆಳಗೊಳವೆಯ ಸನ್ನೆ, ಪಾದಕ್ಕೆ ತೊಗಲಿನ ಪಟ್ಟಿ, ಹೊರಗೆ ಕಾಣುವ ಬ್ರೇಕಿನ ತಂತಿ ಇವು ನಿಯಮ. ಮಣ್ಣುದಾರಿಯಲ್ಲಿ ಅವುಗಳ ಸಾಲನ್ನು ನೋಡುವುದು ಕಣ್ಣಿಗೆ ಹಬ್ಬ. ಹೆಸರಾಂತ ಕುಶಲಿಯೊಬ್ಬನು ಕೈಯಾರೆ ಮಾಡಿದ, ಮೂಲ ಭಾಗಗಳೆಲ್ಲ ಉಳಿದಿರುವ ಅಪೂರ್ವ ಬೈಸಿಕಲ್ಲನ್ನು ಬಿಚ್ಚಿ ನೀಲಿ ಗಾಲಿಯನ್ನು ತೊಡಿಸುವುದು ಅವಿವೇಕವೇ ಸರಿ. ಆದರೆ ಸಾವಿರಗಟ್ಟಲೆ ತಯಾರಾದ, ಗಾಲಿಯೂ ಸರಪಣಿಯೂ ಆಗಲೇ ಹಾಳಾದ ಸಾಮಾನ್ಯ ಚೌಕಟ್ಟಿನ ಮುಂದಿರುವ ದಾರಿಗಳು ಎರಡೇ: ಹೊಸ ಅಂಗಗಳು, ಇಲ್ಲವೆ ಗುಜರಿಯವನ ತಕ್ಕಡಿ.

ಈಚಿನ ಬೈಸಿಕಲ್ಲುಗಳ ವಿಷಯದಲ್ಲಿ ಈ ಆಯ್ಕೆಯೂ ಕಿರಿದಾಗುತ್ತಿದೆ. ತಟ್ಟೆಬ್ರೇಕು ಬಂದಿತು; ಹಿಂದಿನ ಅಚ್ಚು ಚೌಕಟ್ಟನ್ನು ತೂರಿಹೋಗುವ 142 ಮಿಲಿಮೀಟರಿನ ಸಲಾಕೆಯಾಯಿತು; ತಂತಿಗಳು ಕೊಳವೆಯೊಳಗೆ ಅಡಗಿದುವು; ಗೂಡಿನ ಅಳತೆಗಳು ಕಾರ್ಖಾನೆಗೊಂದಾಗಿ ಹೆಚ್ಚಿದುವು. 1975ರ ಚೌಕಟ್ಟು 2015ರ ಗಾಲಿಯನ್ನು ಐದೈದು ಮಿಲಿಮೀಟರಿನ ಬಾಗುವಿಕೆಯಿಂದ ಒಳಗೊಂಡಿತು. ಇಂಗಾಲದ ನಾರಿನ ಈಗಿನ ಚೌಕಟ್ಟು ಹಾಗೆ ಬಾಗದು. ಗಾಲಿಯ ಬಳೆಯ 622 ಮಿಲಿಮೀಟರು ಮಾತ್ರ ಇನ್ನೂ ಬದಲಾಗಿಲ್ಲ.