ಪೊಟ್ಟಣದೊಳಗಿನ ಪುಷ್ಟಿ: ಒಂದು ಹಳೆಯ ಆಸೆಯ ಕಥೆ

ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮೊದಲೆಲ್ಲ ಕಡಲೆಮಿಠಾಯಿ, ನಿಪ್ಪಟ್ಟು, ಕೋಡುಬಳೆಗಳ ಡಬ್ಬಿಗಳಿರುತ್ತಿದ್ದವು. ಈಗ ಅವುಗಳ ಪಕ್ಕದಲ್ಲೇ ಬಣ್ಣದ ಹೊದಿಕೆಯ ಪ್ರೋಟೀನ್ ಬಾರ್, ಪ್ರೋಟೀನ್ ಬಿಸ್ಕತ್ತು, ಪ್ರೋಟೀನ್ ಚಿಪ್ಸ್‌ಗಳು ಬಂದು ಕೂತಿವೆ. ಹೊದಿಕೆಯ ಮೇಲೆ ದಪ್ಪ ಅಕ್ಷರಗಳಲ್ಲಿ 10 ಗ್ರಾಂ, 20 ಗ್ರಾಂ ಎಂಬ ಅಂಕಿ. ಮಕ್ಕಳು ಬೇಕೆನ್ನುತ್ತಾರೆ, ವ್ಯಾಯಾಮಶಾಲೆಗೆ ಹೋಗುವ ಯುವಕರು ಕೊಳ್ಳುತ್ತಾರೆ, ತಿಂಗಳ ಖರ್ಚು ತೂಗಿಸುವ ಗೃಹಿಣಿ ಬೆಲೆ ನೋಡಿ ಅನುಮಾನಿಸುತ್ತಾಳೆ. ಕೊಂಡರೆ ಹಣ ದಂಡವೇ? ಕೊಳ್ಳದಿದ್ದರೆ ಮಗುವಿನ ಬೆಳವಣಿಗೆಗೆ ಕೊರತೆಯಾದೀತೇ?

ಈ ಅನುಮಾನ ಇಂದಿನದಲ್ಲ. ಪ್ರೋಟೀನ್, ಅಂದರೆ ಸಸಾರಜನಕವನ್ನು ಪೊಟ್ಟಣ ಕಟ್ಟಿ ಜನರಿಗೆ ತಲುಪಿಸುವ ಆಸೆಗೆ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಮೈಸೂರಿನಲ್ಲಿ.

ಮೂಳೆಯ ಸಾರು, ಮಾಂಸದ ಸತ್ವ

19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್‌ನ ಆಸ್ಪತ್ರೆಗಳಲ್ಲಿ ಬಡರೋಗಿಗಳಿಗೆ ಮೂಳೆಯಿಂದ ತೆಗೆದ ಜೆಲಟಿನ್ ಬೆರೆಸಿದ ಸಾರನ್ನು ಕೊಡುತ್ತಿದ್ದರು. ಎಸೆಯುವ ಮೂಳೆಯಿಂದ ಮಾಂಸದಷ್ಟೇ ಪುಷ್ಟಿಯಾದ ಆಹಾರ ಸಿಕ್ಕಿತೆಂದು ಅಧಿಕಾರಿಗಳು ಹಿಗ್ಗಿದ್ದರು. ಆದರೆ ತಿಂದವರಿಗೆ ಅದು ಸೇರಲಿಲ್ಲ. ವಿಚಾರಣೆಗೆ ನೇಮಕವಾದ ವಿಜ್ಞಾನಿ ಮಜಾಂದಿಯ ಸಮಿತಿ ನಾಯಿಗಳ ಮೇಲೆ ಪ್ರಯೋಗ ನಡೆಸಿ 1841ರಲ್ಲಿ ವರದಿ ಕೊಟ್ಟಿತು: ಜೆಲಟಿನ್ ಒಂದನ್ನೇ ತಿಂದು ಪ್ರಾಣಿ ಬದುಕಲಾರದು. ಕಾರಣ ತಿಳಿದದ್ದು ಬಹಳ ಕಾಲದ ಮೇಲೆ. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಆ ಮಣಿಗಳಲ್ಲಿ ಕೆಲವನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಅಂಥದ್ದೊಂದಾದ ಟ್ರಿಪ್ಟೋಫ್ಯಾನ್ ಜೆಲಟಿನ್‌ನಲ್ಲಿ ಇಲ್ಲವೇ ಇಲ್ಲ.

ಪ್ರೋಟೀನ್ ಎಂಬ ಹೆಸರು ಬಳಕೆಗೆ ಬಂದದ್ದು 1838ರಲ್ಲಿ. ಸ್ವೀಡನ್ನಿನ ಬರ್ಜೀಲಿಯಸ್ ಸೂಚಿಸಿದ ಆ ಪದವನ್ನು ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಬಳಸಿದ. ಗ್ರೀಕ್ ಭಾಷೆಯ ಈ ಮಾತಿಗೆ ‘ಮೊದಲ ಸ್ಥಾನದ್ದು’ ಎಂದರ್ಥ. ಹೆಸರಿನಲ್ಲೇ ಹಿರಿತನ ಬಂದುಬಿಟ್ಟಿತು. ಜರ್ಮನಿಯ ಪ್ರಖ್ಯಾತ ವಿಜ್ಞಾನಿ ಲೀಬಿಗ್ ಇನ್ನೂ ಮುಂದೆ ಹೋಗಿ, ಸ್ನಾಯುಗಳು ದುಡಿಯುವಾಗ ಉರಿಯುವುದು ಪ್ರೋಟೀನೇ ಎಂದು ಸಾರಿದ. ಅವನ ಹೆಸರಿನ ಕಂಪೆನಿಯೊಂದು 1865ರಲ್ಲಿ ಸ್ಥಾಪನೆಯಾಗಿ, ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ದನದ ಮಾಂಸವನ್ನು ಕುದಿಸಿ ಸತ್ವ ತೆಗೆದು ಯೂರೋಪಿನಲ್ಲಿ ಮಾರತೊಡಗಿತು. ಒಂದು ಕಿಲೋ ಸತ್ವಕ್ಕೆ ಸುಮಾರು 30 ಕಿಲೋ ಮಾಂಸ ಬೇಕಾಗುತ್ತಿತ್ತು. ವಿಚಿತ್ರವೆಂದರೆ ಮಾಂಸದ ಪ್ರೋಟೀನಿನ ಬಹುಭಾಗ ಕುದಿಸಿದ ಚರಟದಲ್ಲೇ ಉಳಿಯುತ್ತಿತ್ತು! ಸೀಸೆಯಲ್ಲಿ ಬರುತ್ತಿದ್ದುದು ಹೆಚ್ಚಾಗಿ ರುಚಿ ಮತ್ತು ವಾಸನೆ.

ಲೀಬಿಗ್‌ನ ಸಿದ್ಧಾಂತವನ್ನು ಪರೀಕ್ಷಿಸಲು ಅದೇ 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಇಬ್ಬರು ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಪರ್ವತವನ್ನು ಹತ್ತಿದರು. ಹತ್ತುವ ಮೊದಲೂ ಹತ್ತುವಾಗಲೂ ಪಿಷ್ಟ, ಕೊಬ್ಬು, ಸಕ್ಕರೆ ಬಿಟ್ಟು ಪ್ರೋಟೀನ್ ಇರುವ ಏನನ್ನೂ ತಿನ್ನಲಿಲ್ಲ. ತಮ್ಮ ಮೂತ್ರವನ್ನು ಸಂಗ್ರಹಿಸಿ ಅದರಲ್ಲಿದ್ದ ಸಾರಜನಕವನ್ನು ಅಳೆದು, ದೇಹದಲ್ಲಿ ಎಷ್ಟು ಪ್ರೋಟೀನ್ ಕರಗಿತೆಂದು ಲೆಕ್ಕ ಹಾಕಿದರು. ಬೆಟ್ಟ ಹತ್ತಲು ಖರ್ಚಾದ ಶಕ್ತಿಗೆ ಅದು ಏನೇನೂ ಸಾಲದು. ದುಡಿಮೆಗೆ ಸೌದೆಯಾಗುವುದು ಮುಖ್ಯವಾಗಿ ಪಿಷ್ಟ ಮತ್ತು ಕೊಬ್ಬು. ಪ್ರೋಟೀನಿನ ಕೆಲಸ ಕಟ್ಟುವುದು, ಸವೆದದ್ದನ್ನು ರಿಪೇರಿ ಮಾಡುವುದು ಎಂಬುದು ಆಗ ಖಚಿತವಾಯಿತು.

ಆದರೂ ‘ಹೆಚ್ಚು ಪ್ರೋಟೀನ್, ಹೆಚ್ಚು ಬಲ’ ಎಂಬ ನಂಬಿಕೆ ಅಳಿಯಲಿಲ್ಲ. ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಬೇಕೆಂದು ಜರ್ಮನಿಯ ಫಾಯ್ಟ್ ಹೇಳಿದ್ದ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಿಟೆಂಡನ್ ಸೈನಿಕರು, ಕ್ರೀಡಾಪಟುಗಳನ್ನು ತಿಂಗಳುಗಟ್ಟಲೆ ಪರೀಕ್ಷಿಸಿ, ಅದರ ಅರ್ಧದಷ್ಟರಲ್ಲೇ ಅವರು ಗಟ್ಟಿಮುಟ್ಟಾಗಿ ಇರಬಲ್ಲರೆಂದು 1904ರಲ್ಲಿ ಪ್ರಕಟಿಸಿದ. ಎಷ್ಟು ಬೇಕು ಎಂಬ ಅಂಕಿ ಹೀಗೆ ಮೇಲೆ ಕೆಳಗೆ ಆಡತೊಡಗಿದ್ದು ಮುಂದೆಯೂ ನಿಲ್ಲಲಿಲ್ಲ.

ಮೈಸೂರಿನ ಪ್ರಯೋಗ

1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಒಂದು ಮಕ್ಕಳ ರೋಗವನ್ನು ಗುರುತಿಸಿದರು. ಮೈ ಊದಿಕೊಳ್ಳುವುದು, ಚರ್ಮ ಸುಲಿಯುವುದು, ಕೂದಲಿನ ಬಣ್ಣ ಮಾಸುವುದು ಅದರ ಲಕ್ಷಣ. ತಂಗಿಯೋ ತಮ್ಮನೋ ಹುಟ್ಟಿ ತಾಯಿಯ ಹಾಲು ತಪ್ಪಿದ ಮಗುವಿಗೆ ಬರುವ ಆ ರೋಗವನ್ನು ಸ್ಥಳೀಯರು ಕರೆಯುತ್ತಿದ್ದ ಹೆಸರನ್ನೇ ಅವರು ಉಳಿಸಿಕೊಂಡರು: ಕ್ವಾಷಿಯೋರ್ಕರ್. ಪ್ರೋಟೀನ್ ಅಭಾವವೇ ಇದಕ್ಕೆ ಕಾರಣವೆಂಬ ಅಭಿಪ್ರಾಯ ಎರಡನೇ ಮಹಾಯುದ್ಧದ ನಂತರ ಬಲವಾಯಿತು. 1955ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಪ್ರೋಟೀನ್ ಸಲಹಾ ಮಂಡಳಿಯೇ ರಚನೆಯಾಯಿತು. ಬಡದೇಶಗಳ ಮಕ್ಕಳಿಗೆ ಅಗ್ಗದ ಪ್ರೋಟೀನ್ ಒದಗಿಸುವುದು ಜಗತ್ತಿನ ಮುಂದಿನ ಮಹಾಕಾರ್ಯ ಎನಿಸಿತು.

ಈ ಹೊತ್ತಿಗೆ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಕೆಲಸ ಆರಂಭಿಸಿತ್ತು. 1950ರಲ್ಲಿ ಉದ್ಘಾಟನೆಯಾದ ಆ ಸಂಸ್ಥೆಯ ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್. ದೇಶದಲ್ಲಿ ಹಾಲಿಗೆ ಅಭಾವ. ಆದರೆ ಎಣ್ಣೆ ಗಾಣಗಳಿಂದ ಬರುವ ಕಡಲೆಕಾಯಿ ಹಿಂಡಿಗೆ ಬರವಿಲ್ಲ. ಪ್ರೋಟೀನ್ ತುಂಬಿದ ಆ ಹಿಂಡಿ ದನದ ಮೇವಾಗಿ, ಹೊಲದ ಗೊಬ್ಬರವಾಗಿ ಹೋಗುತ್ತಿತ್ತು. ಅದನ್ನೇ ಮನುಷ್ಯರು ತಿನ್ನಲು ತಕ್ಕ ಹಿಟ್ಟಾಗಿಸಬಾರದೇಕೆ ಎಂದು ವಿಜ್ಞಾನಿಗಳು ಯೋಚಿಸಿದರು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು 75 ಪಾಲು, ಹುರಿದ ಕಡಲೆಯ ಹಿಟ್ಟು 25 ಪಾಲು ಸೇರಿಸಿ, ವಿಟಮಿನ್ ಮತ್ತು ಸುಣ್ಣದ ಅಂಶ ಬೆರೆಸಿ ತಯಾರಿಸಿದ ಪುಡಿಗೆ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂದು ಹೆಸರಾಯಿತು. ಅದರಲ್ಲಿ ಪ್ರೋಟೀನ್ ಪ್ರಮಾಣ ಶೇ. 40ಕ್ಕೂ ಹೆಚ್ಚು. ಸಾರಿಗೆ, ಹಿಟ್ಟಿಗೆ, ತಿಂಡಿಗೆ ಯಾವುದಕ್ಕಾದರೂ ಒಂದಿಷ್ಟು ಬೆರೆಸಿಕೊಳ್ಳಬಹುದು ಎಂಬುದು ಅದರ ಹೆಗ್ಗಳಿಕೆ.

ಇದೇ ದಾರಿಯಲ್ಲಿ ಮುಂದೆ ಗೋಧಿ, ಕಡಲೆಕಾಯಿ ಹಿಟ್ಟು, ಹಾಲಿನ ಪುಡಿಗಳ ‘ಬಾಲಾಹಾರ್’ ಬಂತು. ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಬೆರೆಸಿದ ‘ಮಿಲ್ಟೋನ್’ ಬಂತು. ನಡುವೆ ಒಂದು ಆಘಾತವೂ ಆಯಿತು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಹಾಗೆ. ಅಲ್ಲಿಂದಾಚೆಗೆ ಕಡಲೆಕಾಯಿಯನ್ನು ಒಣಗಿಸುವುದರಲ್ಲಿ, ಆರಿಸುವುದರಲ್ಲಿ, ಪರೀಕ್ಷಿಸುವುದರಲ್ಲಿ ಎಚ್ಚರ ಹೆಚ್ಚಿತು, ಖರ್ಚೂ ಹೆಚ್ಚಿತು.

ಆದರೆ ಈ ಪುಡಿಗಳು ಅಡುಗೆಮನೆಯನ್ನು ಗೆಲ್ಲಲಿಲ್ಲ. ಸರ್ಕಾರದ ಯೋಜನೆಗಳಲ್ಲಿ, ಬರಗಾಲದ ಪರಿಹಾರದಲ್ಲಿ ಅವಕ್ಕೆ ಸ್ಥಾನ ಸಿಕ್ಕಿತು, ಅಂಗಡಿಯಲ್ಲಿ ಸಿಗಲಿಲ್ಲ. ಕೊಳ್ಳುವ ಶಕ್ತಿ ಇದ್ದವರಿಗೆ ಅದರ ಅಗತ್ಯ ಇರಲಿಲ್ಲ. ಅಗತ್ಯ ಇದ್ದವರ ಕೈಯಲ್ಲಿ ಕಾಸು ಇರಲಿಲ್ಲ.

ಹಸಿವಿನ ಲೆಕ್ಕ

ಅಷ್ಟರಲ್ಲಿ ಮೂಲ ಸಿದ್ಧಾಂತಕ್ಕೇ ಪೆಟ್ಟು ಬಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಡಾ. ಸಿ. ಗೋಪಾಲನ್ ಅವರು ಕ್ವಾಷಿಯೋರ್ಕರ್ ಬಂದ ಮಕ್ಕಳ ಆಹಾರವನ್ನೂ, ಬರೀ ಮೂಳೆ ಚರ್ಮವಾಗುವ ಮರಾಸ್ಮಸ್ ಬಂದ ಮಕ್ಕಳ ಆಹಾರವನ್ನೂ ಹೋಲಿಸಿ, ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲವೆಂದು 1968ರಲ್ಲಿ ತಿಳಿಸಿದರು. ನಮ್ಮ ಮಕ್ಕಳಿಗೆ ಒಟ್ಟು ಆಹಾರವೇ ಸಾಲದು. ಅನ್ನ, ರೊಟ್ಟಿ, ಬೇಳೆ ಹೊಟ್ಟೆ ತುಂಬ ಸಿಕ್ಕಿದರೆ ಪ್ರೋಟೀನಿನ ಕೊರತೆ ಬಹುಪಾಲು ತಾನಾಗಿ ನೀಗುತ್ತದೆ ಎಂಬುದು ಅವರ ವಾದ. ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರೂ ಲೆಕ್ಕಾಚಾರದಿಂದ ಇದೇ ತೀರ್ಮಾನಕ್ಕೆ ಬಂದರು.

ಕಾರಣ ಸರಳ. ಮೈಗೆ ಬೇಕಾದ ಶಕ್ತಿ ಸಿಗದಿದ್ದಾಗ ದೇಹ ಪ್ರೋಟೀನನ್ನೇ ಉರಿಸುತ್ತದೆ. ಒಲೆಗೆ ಸೌದೆಯಿಲ್ಲದ ಮನೆಯವರು ಬಾಗಿಲ ತೊಲೆಯನ್ನೇ ಕಡಿದು ಉರಿಸಿದ ಹಾಗೆ. ಹಸಿದ ಮಗುವಿಗೆ ಬೆಲೆಬಾಳುವ ಪ್ರೋಟೀನ್ ಪುಡಿ ಕೊಟ್ಟರೂ ಅದು ಸೌದೆಯಾಗಿಯೇ ಹೋಗುತ್ತದೆ.

1971ರಲ್ಲಿ ಸೇರಿದ್ದ ಅಂತರರಾಷ್ಟ್ರೀಯ ತಜ್ಞರ ಸಮಿತಿ ಪ್ರೋಟೀನ್ ಅಗತ್ಯದ ಅಂಕಿಯನ್ನು ಇಳಿಸಿತು. 1974ರಲ್ಲಿ ಡೊನಾಲ್ಡ್ ಮೆಕ್ಲಾರೆನ್ ಎಂಬ ವೈದ್ಯ, ‘ಲ್ಯಾನ್ಸೆಟ್’ ಪತ್ರಿಕೆಯ ಲೇಖನವೊಂದರ ಶೀರ್ಷಿಕೆಯಲ್ಲೇ ಇಡೀ ಪ್ರೋಟೀನ್ ಅಭಿಯಾನವನ್ನು ಮಹಾ ಎಡವಟ್ಟು ಎಂದು ಕರೆದ. ತಪ್ಪು ರೋಗನಿದಾನದಿಂದ ಹಣವೂ ಕಾಲವೂ ಪೋಲಾಗಿ, ಅದರ ಬೆಲೆ ತೆತ್ತವರು ಮಕ್ಕಳು ಎಂಬುದು ಅವನ ಆರೋಪ. ಹಾಗೆಂದು ಪ್ರೋಟೀನ್ ಅಮುಖ್ಯವಾಯಿತೆಂದಲ್ಲ. 1985 ಮತ್ತು 2007ರ ತಜ್ಞ ವರದಿಗಳು ಅಂಕಿಯನ್ನು ಮತ್ತೆ ಸ್ವಲ್ಪ ಏರಿಸಿದವು. ಬಿದ್ದುಹೋದದ್ದು, ಅದೊಂದನ್ನೇ ಪೊಟ್ಟಣ ಕಟ್ಟಿ ಕೊಟ್ಟರೆ ಸಾಕೆಂಬ ನಂಬಿಕೆ.

ಕಾಲುವೆಯಿಂದ ಕಪಾಟಿಗೆ

ಬಡವರ ಹೆಸರಿನಲ್ಲಿ ಸೋತ ಆ ಆಸೆ ಉಳ್ಳವರ ನಡುವೆ ಮತ್ತೆ ಚಿಗುರಿತು. 10 ಲೀಟರ್ ಹಾಲಿನಿಂದ ಸುಮಾರು ಒಂದು ಕಿಲೋ ಚೀಸ್ ಬರುತ್ತದೆ. ಉಳಿದದ್ದೆಲ್ಲ ಒಡೆದ ಹಾಲಿನ ತಿಳಿನೀರು. ಪಶ್ಚಿಮದ ದೇಶಗಳಲ್ಲಿ ಈ ನೀರನ್ನು ಹಂದಿಗಳಿಗೆ ಹಾಕುತ್ತಿದ್ದರು, ಇಲ್ಲವೇ ಹೊಲಕ್ಕೆ, ಹೊಳೆಗೆ ಬಿಡುತ್ತಿದ್ದರು. ಜಲಮಾಲಿನ್ಯದ ಕಾನೂನುಗಳು ಬಿಗಿಯಾದ ಮೇಲೆ ಅದನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. 1970ರ ದಶಕದಲ್ಲಿ ಬಳಕೆಗೆ ಬಂದ ಅತಿಸೂಕ್ಷ್ಮ ಜರಡಿಯ ತಂತ್ರ ಅದರೊಳಗಿನ ಪ್ರೋಟೀನನ್ನು ಹಿಡಿದುಕೊಟ್ಟಿತು. ಅದೇ ಇಂದಿನ ‘ವ್ಹೇ ಪ್ರೋಟೀನ್’. ಇನ್ನೊಂದೆಡೆ ಸೋಯಾ ಎಣ್ಣೆಯ ಉದ್ಯಮದಲ್ಲಿ ಮಿಕ್ಕ ಹಿಂಡಿಯಿಂದಲೂ ಪ್ರೋಟೀನ್ ಬಂತು. 1986ರಲ್ಲಿ ಮ್ಯಾರಥಾನ್ ಓಟಗಾರ ಬ್ರಯಾನ್ ಮ್ಯಾಕ್ಸ್‌ವೆಲ್ ಅಮೆರಿಕದಲ್ಲಿ ಆರಂಭಿಸಿದ ‘ಪವರ್‌ಬಾರ್’ ಓಟಗಾರರ ಜೇಬು ಸೇರಿ, ಮುಂದೆ ಸಾಮಾನ್ಯರ ತಿಂಡಿಯೂ ಆಯಿತು. ಅಗ್ಗದ ಪ್ರೋಟೀನ್ ಪುಡಿ, ಬಾರ್ ಎಂಬ ಅಚ್ಚು ಎರಡೂ ಕೂಡಿದಾಗ ಇಂದಿನ ಪ್ರೋಟೀನ್ ತಿಂಡಿ ಹುಟ್ಟಿತು.

ಕೊಳ್ಳಬೇಕೇ, ಬೇಡವೇ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನವೊಂದಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಗುವವರಿಗೆ ಇದು ಸುಮಾರು 50 ಗ್ರಾಂ. ದಿನಕ್ಕೆ 300 ಗ್ರಾಂ ಅಕ್ಕಿ, ರಾಗಿ, ಗೋಧಿ ತಿಂದರೆ 24 ಗ್ರಾಂನಷ್ಟು. 75 ಗ್ರಾಂ ಬೇಳೆಕಾಳು ತಿಂದರೆ 17 ಗ್ರಾಂ. 300 ಮಿಲಿಲೀಟರ್ ಹಾಲು ಮೊಸರಿನಿಂದ 10 ಗ್ರಾಂ. ಅಲ್ಲಿಗೆ 51 ಆಯಿತು! ಮೊಟ್ಟೆ ತಿನ್ನುವವರಿಗೆ ಒಂದರಿಂದ ಇನ್ನೂ 6 ಗ್ರಾಂ. ಧಾನ್ಯದಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲ ಬೇಳೆಯಲ್ಲಿದೆ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಮುದ್ದೆ-ಹುರುಳಿ ಸಾರು, ರೊಟ್ಟಿ-ಕಾಳು ಪಲ್ಯ, ಇಡ್ಲಿ-ಸಾಂಬಾರಿನ ಜೋಡಿಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಆದರೆ ತಟ್ಟೆಯ ತುಂಬ ಅನ್ನ, ಮೇಲೆ ನೀರಾದ ಸಾರು ಎಂಬಂತಿದ್ದರೆ ಈ ಲೆಕ್ಕ ಕೈಕೊಡುತ್ತದೆ. ಬೇಳೆ ತುಟ್ಟಿಯಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಅಂಥ ಮನೆಗಳಲ್ಲಿ ಕೊರತೆ ನಿಜ. ಆದರೆ ಪ್ರೋಟೀನ್ ಬಾರ್ ಅದಕ್ಕೆ ಪರಿಹಾರವಲ್ಲ. ಒಂದು ಬಾರಿನ ಹಣದಲ್ಲಿ ಆ ಮನೆಗೆ ಹಲವು ದಿನದ ಕಾಳು ಬರುತ್ತದೆ.

ಕೊಳ್ಳಲೇಬೇಕೆನ್ನುವವರು ಮೂರು ಸಂಗತಿ ನೋಡಬೇಕು. ಮೊದಲನೆಯದು, ಬೆಲೆಯನ್ನು ಪ್ರೋಟೀನಿನ ಗ್ರಾಂಗಳಿಂದ ಭಾಗಿಸುವುದು. 100 ಗ್ರಾಂ ಹುರಿಗಡಲೆಯಲ್ಲಿ ಸುಮಾರು 22 ಗ್ರಾಂ, ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ. ಅವುಗಳ ಬೆಲೆಯನ್ನೂ ಹೀಗೆಯೇ ಭಾಗಿಸಿ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಾನೇ ಕಾಣುತ್ತದೆ. ಎರಡನೆಯದು, ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಸಕ್ಕರೆ, ಸಕ್ಕರೆ ಪಾಕ, ತಾಳೆ ಎಣ್ಣೆ ಮೊದಲ ಸಾಲುಗಳಲ್ಲೇ ಇದ್ದರೆ ಅದು ಪ್ರೋಟೀನಿನ ಹೆಸರಿನ ಮಿಠಾಯಿ. ಮೂರನೆಯದು, ಯಾವ ಪ್ರೋಟೀನ್ ಎಂಬುದು. ಕೊಲಾಜೆನ್ ಎಂದಿದ್ದರೆ ಅದು ಪ್ಯಾರಿಸ್‌ನ ಮೂಳೆ ಸಾರಿನ ಹತ್ತಿರದ ನೆಂಟ. 1841ರ ವರದಿಯ ಮಾತು ಅದಕ್ಕೂ ಸಲ್ಲುತ್ತದೆ.

ಕಠಿಣ ತರಬೇತಿಯಲ್ಲಿರುವ ಕ್ರೀಡಾಪಟುಗಳಿಗೆ, ಹೊತ್ತಿಗೆ ಸರಿಯಾಗಿ ಊಟ ಸಿಗದ ಪ್ರಯಾಣಿಕರಿಗೆ, ಹಲ್ಲು ಹೋಗಿ ಊಟ ಸೇರದ ವೃದ್ಧರಿಗೆ ಒಳ್ಳೆಯ ಪೊಟ್ಟಣವೊಂದು ಉಪಯೋಗಕ್ಕೆ ಬಂದೀತು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಮೈಕಟ್ಟಿಗಾಗಿ ಪ್ರೋಟೀನ್ ಪುಡಿಗಳ ಮೊರೆಹೋಗಬೇಡಿ ಎಂದೇ ಸಲಹೆ ಕೊಟ್ಟಿದೆ.

ಮೈಸೂರಿನ ವಿಜ್ಞಾನಿಗಳು ಏಳು ದಶಕಗಳ ಹಿಂದೆ ಪುಷ್ಟಿಯ ಪುಡಿಗೆಂದು ಆರಿಸಿಕೊಂಡದ್ದು ಕಡಲೆಕಾಯಿ ಮತ್ತು ಹುರಿಗಡಲೆಯನ್ನು. ಆ ಪುಡಿ ಅಂಗಡಿಯಲ್ಲಿ ನೆಲೆಯೂರಲಿಲ್ಲ. ಆದರೆ ಅದರ ಎರಡು ಮೂಲವಸ್ತುಗಳು ಬೀದಿ ಬದಿಯ ಗಾಡಿಗಳಲ್ಲಿ ಇಂದಿಗೂ ಇವೆ, ಕಾಗದದ ಪೊಟ್ಟಣದಲ್ಲಿ, ಬಿಸಿಬಿಸಿಯಾಗಿ.