ದಾರಿಯ ಹೊಣೆ: ಕೋಗಳಿ ನಾಡಿನ ರಸ್ತೆಗಳು

ರಸ್ತೆಯನ್ನು ಹೊಸದಾಗಿ ಹಾಕಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಹಾಕಿದ ರಸ್ತೆಯನ್ನು ವರ್ಷವರ್ಷವೂ ಕಾಪಾಡಿದವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಆದರೂ ಜನಜೀವನಕ್ಕೆ ಎರಡನೆಯವರ ಕೆಲಸವೇ ಹೆಚ್ಚಿನ ಆಧಾರ. ಸ್ಥಳೀಯ ಸಂಸ್ಥೆಗಳು ಈ ಕೆಲಸವನ್ನು ಹೇಗೆ ನಡೆಸಿದುವು, ಎಲ್ಲಿ ಸೋತುವು ಎಂಬುದನ್ನು ಕೋಗಳಿ ನಾಡಿನ ನಿದರ್ಶನದಿಂದ ವಿಚಾರಮಾಡೋಣ.

ಕೋಗಳಿ ಇಂದು ವಿಜಯನಗರ ಜಿಲ್ಲೆಯ ಒಂದು ಗ್ರಾಮ. ಹಿಂದೆ ಅದು ನೊಳಂಬವಾಡಿಗೆ ಸೇರಿದ ‘ಕೋಗಳಿ ಐನೂರು’ ಎಂಬ ನಾಡಿಗೆ ಹೆಸರನ್ನು ಕೊಟ್ಟ ಸ್ಥಳ. ಇಂದಿನ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಸೀಮೆಯನ್ನು ಆ ಹಳೆಯ ಹೆಸರಿನಿಂದಲೇ ಇಲ್ಲಿ ಕರೆಯುತ್ತೇವೆ. ಕನ್ನಡ ಶಾಸನಗಳಲ್ಲಿ ದತ್ತಿಯ ಭೂಮಿಗೆ ಎಲ್ಲೆ ಹೇಳುವಾಗ ಹೆಬ್ಬಟ್ಟೆಯ ಮಾತು ಬರುತ್ತದೆ. ಸರಕಿನ ಮೇಲೆ ಪೆರ್ಜುಂಕವೆಂಬ ಸುಂಕವೂ ಇದ್ದಿತು. ದಾರಿಯೆಂಬುದು ನಮ್ಮವರಿಗೆ ಹೊಸ ವಸ್ತುವಲ್ಲ.

ಈ ಸೀಮೆಯ ನೆಲ ಎರಡು ಬಗೆಯದು. ಮಸಾರಿಯ ಮೇಲೆ ಮಳೆ ನಿಂತ ಸ್ವಲ್ಪ ಹೊತ್ತಿಗೇ ಗಾಡಿ ಹೊರಡಬಹುದು. ಎರೆಮಣ್ಣಿನ ಸ್ವಭಾವವೇ ಬೇರೆ: ಬೇಸಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಉಬ್ಬಿ ಗಾಲಿಯನ್ನು ಹಿಡಿಯುತ್ತದೆ. ಅಲ್ಲಿ ಜಲ್ಲಿಯ ರಸ್ತೆಗೂ ಆಪತ್ತು ಬರುವುದು ಕೆಳಗಿನಿಂದ. ಚರಂಡಿಯನ್ನು ಒಂದು ವರ್ಷ ತೋಡದಿದ್ದರೆ ನೀರು ಬುಡಕ್ಕೆ ಇಳಿದು, ಹಾಕಿದ ಕಲ್ಲೆಲ್ಲ ಹೂತುಹೋಗುತ್ತದೆ. ಮೈಲಾರದ ಜಾತ್ರೆಗೆ ಹೊರಟ ಗಾಡಿಗಳ ಸಾಲೂ ಪೇಟೆಗೆ ಸಾಗುವ ಹತ್ತಿಯ ಗಾಡಿಗಳೂ ಇಂಥ ದಾರಿಗಳನ್ನೇ ನಂಬಿದ್ದುವು. ಕಬ್ಬಿಣದ ಪಟ್ಟಿಯ ಗಾಲಿ ಒಂದೇ ಜಾಡಿನಲ್ಲಿ ಉರುಳಿ ಜಲ್ಲಿಯನ್ನು ಕೊರೆಯುತ್ತಿದ್ದಿತು.

1800ರಲ್ಲಿ ಬಳ್ಳಾರಿಯ ಸೀಮೆ ನಿಜಾಮನಿಂದ ಕಂಪನಿಯ ಕೈಗೆ ಬಂದಿತು. ದಾರಿಗಾಗಿ ಪ್ರತ್ಯೇಕವಾದ ನಿಧಿ ಏರ್ಪಟ್ಟುದು ಬಹು ತಡವಾಗಿ. 1866ರ ಮದ್ರಾಸು ಶಾಸನ ಭೂಮಿಯ ಮೇಲೆ ರಸ್ತೆಯ ಕರವನ್ನು ವಿಧಿಸಿತು. 1871ರಲ್ಲಿ ಬಂದ ಸ್ಥಳೀಯ ನಿಧಿಗಳ ಶಾಸನ ರಸ್ತೆಯ ಜತೆಗೆ ವಿದ್ಯೆ, ವೈದ್ಯಗಳನ್ನೂ ಅದೇ ಚೀಲಕ್ಕೆ ಕಟ್ಟಿತು. 1884ರ ಶಾಸನದಿಂದ ಜಿಲ್ಲಾ ಬೋರ್ಡುಗಳೂ ತಾಲ್ಲೂಕು ಬೋರ್ಡುಗಳೂ ಹುಟ್ಟಿದುವು. ಸುಂಕದ ಕಟ್ಟೆಗಳ ಉತ್ಪತ್ತಿಯೂ ಬೋರ್ಡುಗಳಿಗೆ ಸೇರುತ್ತಿದ್ದಿತು.

ಈ ಕಾಲದ ಮಧ್ಯದಲ್ಲಿಯೇ 1876–78ರ ಮಹಾಕ್ಷಾಮ ಬಂದಿತು. ಬಳ್ಳಾರಿ ಜಿಲ್ಲೆ ಅದರ ಉರಿಗೆ ಅತಿಯಾಗಿ ಬೆಂದ ಜಿಲ್ಲೆಗಳಲ್ಲೊಂದು. ಹಸಿದವರು ಪರಿಹಾರದ ಕೂಲಿಗಾಗಿ ಕಲ್ಲು ಒಡೆದರು, ಮಣ್ಣು ಹೊತ್ತರು. ಕ್ಷಾಮದ ಕೆಲಸಕ್ಕೆ ಒಂದು ಗುಣವಿದೆ, ಒಂದು ದೋಷವಿದೆ. ಕೂಲಿ ಬೇಕಾದಾಗ ರಸ್ತೆಯ ಉದ್ದ ಬೆಳೆಯುತ್ತದೆ. ಮಳೆ ಬಂದು ಜನ ಹೊಲಕ್ಕೆ ಮರಳಿದ ಮೇಲೆ ಆ ಉದ್ದವನ್ನೆಲ್ಲ ಕಾಪಾಡುವ ಹೊಣೆ ಬಡ ನಿಧಿಯ ಮೇಲೆ ಬೀಳುತ್ತದೆ. ಬಲವಿದ್ದಷ್ಟು ಹೊರೆ ಎಂಬ ವಿವೇಕ ಲೆಕ್ಕದ ಪುಸ್ತಕದಲ್ಲಿಯೂ ಇರಬೇಕಾದುದು ಇಲ್ಲಿಯೇ.

ಫ್ರಾನ್ಸಿನ ಲಿಮೋಜ್ ಪ್ರಾಂತದಲ್ಲಿ 1764ರಿಂದ ಎಂಜಿನಿಯರನಾಗಿದ್ದ ಟ್ರೆಸಾಗೆ ಎಂಬವನು ಈ ರೋಗಕ್ಕೆ ಮದ್ದನ್ನು ಕಂಡಿದ್ದನು. ಕೆಟ್ಟ ಮೇಲೆ ಒಮ್ಮೆ ಭಾರಿ ದುರಸ್ತಿ ಮಾಡುವುದನ್ನು ಬಿಟ್ಟು, ನಿತ್ಯವೂ ಅಲ್ಪಸ್ವಲ್ಪ ಸರಿಪಡಿಸುತ್ತಿರಬೇಕೆಂಬುದೇ ಅವನ ತತ್ತ್ವ. ಗೊತ್ತಾದ ಆಳಿಗೆ ಗೊತ್ತಾದ ದೂರವನ್ನು ವಹಿಸಿಕೊಟ್ಟರೆ, ಕುಳಿ ಅಂಗೈಯಷ್ಟಿರುವಾಗಲೇ ಅದು ಒಬ್ಬನ ಕಣ್ಣಿಗೆ ಬೀಳುತ್ತದೆ.

ನಮ್ಮಲ್ಲಿ ನಡೆದುದು ಇದಕ್ಕೆ ವಿರುದ್ಧ. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದಿತು; ಅನಂತರ ಮೋಟಾರು ಬಂದಿತು. 1931ರಲ್ಲಿ ಮದ್ರಾಸು ಸರಕಾರ ಮೋಟಾರು ತೆರಿಗೆಯನ್ನು ಹಾಕಿ ಸುಂಕದ ಕಟ್ಟೆಗಳನ್ನು ತೆಗೆದುಹಾಕಿ, ಬೋರ್ಡುಗಳಿಗೆ ಪರಿಹಾರ ಕೊಡುವ ಏರ್ಪಾಡು ಮಾಡಿತು. ಗಾಡಿಕಾರನಿಗೆ ಉಪಕಾರವಾಯಿತು, ನಿಜ. ಆದರೆ ರಸ್ತೆಯ ಮೇಲೆ ಬಿದ್ದ ಭಾರಕ್ಕೂ ಬೋರ್ಡಿನ ಕೈಸೇರುವ ಹಣಕ್ಕೂ ಇದ್ದ ನೇರವಾದ ನಂಟು ಕಡಿಯಿತು. 1934ರಲ್ಲಿ ತಾಲ್ಲೂಕು ಬೋರ್ಡುಗಳೇ ಹೋದುವು. ಹಡಗಲಿಯ ಒಂದು ಮೋರಿಯ ವಿಚಾರ ದೂರದ ಬಳ್ಳಾರಿಯಲ್ಲಿ ತೀರ್ಮಾನವಾಗಬೇಕಾಯಿತು. 1953ರ ಅಕ್ಟೋಬರ್ 1ರಂದು ಈ ಸೀಮೆ ಮೈಸೂರಿಗೆ ಸೇರಿತು. 1959ರ ಶಾಸನ ತಾಲ್ಲೂಕು ಬೋರ್ಡುಗಳನ್ನು ಮತ್ತೆ ತಂದಿತು. 1993ರ ಪಂಚಾಯತ್ ರಾಜ್ ಶಾಸನ ಮೂರು ಮೆಟ್ಟಿಲ ವ್ಯವಸ್ಥೆಯನ್ನು ನಿಲ್ಲಿಸಿತು. ಹೆಸರುಗಳು ಬದಲಾದುವು, ಕುಳಿಯನ್ನು ಮೊದಲು ಕಾಣುವವನಾರು, ಮುಚ್ಚುವವನಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಒಂದು ಒಳ್ಳೆಯ ನಿಯಮವನ್ನು ತಂದಿತು: ರಸ್ತೆ ಮಾಡಿದ ಕಂಟ್ರಾಕ್ಟರನೇ ಐದು ವರ್ಷ ಅದನ್ನು ಕಾಯಬೇಕು. ತಾನೇ ಕಾಯಬೇಕೆಂದು ತಿಳಿದವನು ತಳವನ್ನು ಗಟ್ಟಿಯಾಗಿ ಹಾಕುತ್ತಾನೆ. ಆರನೆಯ ವರ್ಷದ ಹೊಣೆ ಮಾತ್ರ ಮತ್ತೆ ಹಳೆಯ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ಇಷ್ಟರಿಂದ ನಮಗೆ ತೋರುವುದಿಷ್ಟು. ಹೊಸ ರಸ್ತೆಗೆ ಮಂಜೂರು ಮಾಡುವ ದಿನವೇ ಅದರ ಪಾಲನೆಯ ಹಣವನ್ನೂ ಬೇರೆ ತೆಗೆದಿರಿಸಬೇಕು. ಮುಂಗಾರಿಗೆ ಮೊದಲೇ ಚರಂಡಿ ತೋಡಿಸಿ, ಜಲ್ಲಿಯ ರಾಶಿಯನ್ನು ರಸ್ತೆಯ ಪಕ್ಕದಲ್ಲಿ ಸಿದ್ಧವಾಗಿಡಬೇಕು. ಪ್ರತಿ ರಸ್ತೆಗೂ ಹೆಸರು ಹಿಡಿದು ಕೇಳಬಹುದಾದ ಒಬ್ಬ ಹೊಣೆಗಾರನಿರಬೇಕು. ಇವು ದೊಡ್ಡ ಶಾಸ್ತ್ರದ ಮಾತುಗಳಲ್ಲ. ಆದರೆ ಎರೆಯ ಸೀಮೆಯಲ್ಲಿ ಒಂದು ಮೋರಿ ಕುಸಿದ ದಿನ ಶೇಂಗಾ ಪೇಟೆಗೆ ಮುಟ್ಟುವುದಿಲ್ಲ, ಮಕ್ಕಳು ಶಾಲೆಗೆ ಹೋಗುವುದಿಲ್ಲ, ಹೆರಿಗೆಯ ಬೇನೆ ತಿನ್ನುವ ಹೆಣ್ಣುಮಗಳು ಊರಿನಲ್ಲಿಯೇ ಉಳಿಯುತ್ತಾಳೆ. ಆಡಳಿತದ ದಕ್ಷತೆಗೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಾಗಿಲ್ಲ.